ಹತ್ತೇ ಕಿಲೋಮೀಟರ್ ಜಾಸ್ತಿ

(ರಸ್ತೆ ಸುರಕ್ಷತೆ ಕುರಿತ ಒಂದು ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ರಾತ್ರಿ ಹೊತ್ತು ಖಾಲಿ ರಸ್ತೆಯಲ್ಲಿ ರೇಸ್ ಹಚ್ಚುವವರನ್ನು ಬೈಯಲು ನಾನು ಬಂದಿಲ್ಲ. ಅವರನ್ನು ಬೈದರೆ ನಮಗೆಲ್ಲ ಒಳಗೊಳಗೇ ಖುಷಿ. ಯಾಕಂದ್ರೆ ಅವರು ನಾವಲ್ಲ ನೋಡಿ. ಇವತ್ತಿನ ಮಾತು 50ರ ಮಿತಿ ಇರುವ ರಸ್ತೆಯಲ್ಲಿ 60ರಲ್ಲಿ ಹೋಗುವವರ ಬಗ್ಗೆ. ಅವರು ಕುಡಿದಿಲ್ಲ, ಫೋನ್ ನೋಡುತ್ತಿಲ್ಲ, ಸೀಟ್ ಬೆಲ್ಟ್ ಹಾಕಿದ್ದಾರೆ. ವರ್ಷಗಟ್ಟಲೆ ಗಾಡಿ ಓಡಿಸಿದ ಅನುಭವವೂ ಇದೆ. ಕೇಳಿದರೆ, "ಹತ್ತೇ ತಾನೆ ಜಾಸ್ತಿ, ಅದೇನು ದೊಡ್ಡ ವಿಷಯ" ಅನ್ನುತ್ತಾರೆ. ಈ ಸಭೆಯಲ್ಲಿ ಅಂಥವರು ಎಷ್ಟು ಜನ ಅಂತ ಕೈ ಎತ್ತಿಸುವುದಿಲ್ಲ, ಹೆದರಬೇಡಿ.

ಆ ಹತ್ತು ಕಿಲೋಮೀಟರ್ ಏನು ಮಾಡುತ್ತದೆ ಅಂತ ಒಂದು ಲೆಕ್ಕ ಹಾಕಿ ನೋಡೋಣ. ಲೆಕ್ಕ ಅಂದ ತಕ್ಷಣ ಹಿಂದಿನ ಸಾಲಿನವರು ಎದ್ದು ಹೋಗಬೇಡಿ, ಸುಲಭದ ಲೆಕ್ಕವೇ.

ಎರಡು ಕಾರುಗಳಿವೆ. ಒಂದೇ ಮಾದರಿ, ಒಂದೇ ಥರದ ಟೈರು, ಒಣ ರಸ್ತೆ. ಒಂದು 50ರಲ್ಲಿ ಹೋಗುತ್ತಿದೆ. ಇನ್ನೊಂದು 60ರಲ್ಲಿ ಅದನ್ನು ಓವರ್‌ಟೇಕ್ ಮಾಡುತ್ತಿದೆ. ಎರಡರ ಮೂತಿಯೂ ಸರಿಯಾಗಿ ಒಂದೇ ಸಾಲಿಗೆ ಬಂದ ಕ್ಷಣದಲ್ಲಿ, 28 ಮೀಟರ್ ಮುಂದೆ, ನಿಂತ ವ್ಯಾನಿನ ಹಿಂದಿನಿಂದ ಒಂದು ಮಗು ರಸ್ತೆಗೆ ಓಡಿ ಬರುತ್ತದೆ. ಇಬ್ಬರೂ ಒಂದೇ ಸಲ ನೋಡುತ್ತಾರೆ, ಒಂದೇ ಸಲ ಬ್ರೇಕ್ ಒತ್ತುತ್ತಾರೆ.

ಕಣ್ಣಿಗೆ ಬಿದ್ದದ್ದು ಕಾಲಿಗೆ ತಲುಪಲು ಹೊತ್ತು ಬೇಕು. ಮಗು ಅಂತ ಗೊತ್ತಾಗಬೇಕು, ನಿಲ್ಲಿಸಬೇಕು ಅಂತ ಅನ್ನಿಸಬೇಕು, ಕಾಲು ಆಕ್ಸಿಲರೇಟರ್‌ನಿಂದ ಬ್ರೇಕಿಗೆ ಬರಬೇಕು. ಎಚ್ಚರವಾಗಿರುವ ಚಾಲಕನಿಗೂ ಇದಕ್ಕೆ ಒಂದು ಸೆಕೆಂಡ್ ಹಿಡಿಯುತ್ತದೆ ಅಂತ ಇಟ್ಟುಕೊಳ್ಳೋಣ. ಇದು ಉದಾರವಾದ ಲೆಕ್ಕ, ಎಷ್ಟೋ ಸಲ ಒಂದೂವರೆ ಸೆಕೆಂಡ್ ಆಗುತ್ತದೆ. ಆ ಒಂದು ಸೆಕೆಂಡಿನಲ್ಲಿ ಗಾಡಿ ಚೂರೂ ನಿಧಾನವಾಗುವುದಿಲ್ಲ. 50ರ ಕಾರು ಸುಮಾರು 14 ಮೀಟರ್ ಮುಂದೆ ಹೋಗಿರುತ್ತದೆ, 60ರ ಕಾರು ಸುಮಾರು 17 ಮೀಟರ್.

ಆಮೇಲೆ ಬ್ರೇಕ್ ಹಿಡಿಯುತ್ತದೆ. ಗಟ್ಟಿ ಬ್ರೇಕ್ ಅಂದುಕೊಳ್ಳಿ, ಪ್ರತಿ ಸೆಕೆಂಡಿಗೂ ವೇಗವನ್ನು 25 ಕಿಮೀ ಇಳಿಸುವಂಥದ್ದು. 50ರ ಕಾರಿಗೆ ನಿಲ್ಲಲು ಇನ್ನು 14 ಮೀಟರ್ ಸಾಕು. ಒಟ್ಟು ಸರಿಯಾಗಿ ಲೆಕ್ಕ ಹಾಕಿದರೆ 28 ಮೀಟರಿಗೆ ತುಸು ಕಡಿಮೆ, ಮಗುವಿನಿಂದ ಮುಕ್ಕಾಲು ಅಡಿಯಷ್ಟು ಈಚೆಗೆ ನಿಲ್ಲುತ್ತದೆ. ಚಾಲಕ ಬೆವರುತ್ತಾನೆ, ಮಗು ಅಳುತ್ತದೆ, ಯಾರೋ ಒಂದಿಷ್ಟು ಬೈಯುತ್ತಾರೆ. ಅಷ್ಟೇ.

ಈಗ 60ರ ಕಾರು. ಅದು ಮಗುವಿಗೆ ಎಷ್ಟು ವೇಗದಲ್ಲಿ ಗುದ್ದುತ್ತದೆ ಹೇಳಿ? ಈ ಪ್ರಶ್ನೆ ಕೇಳಿದಾಗ "ಹತ್ತು" ಅನ್ನುವ ಉತ್ತರವೇ ಮೊದಲು ಬರುವುದು. ಹತ್ತು ಜಾಸ್ತಿ ಇತ್ತು, ಆದ್ದರಿಂದ ಹತ್ತು ಉಳಿದಿರುತ್ತದೆ ಅಂತ. ಕೇಳಲು ಸರಿಯಾಗೇ ಇದೆ. ಆದರೆ ಸರಿಯಾದ ಉತ್ತರ ಸುಮಾರು 40. ಮೊದಲ ಕಾರು ಪೂರ್ತಿ ನಿಂತ ಜಾಗದಲ್ಲಿ ಎರಡನೆಯದು ಇನ್ನೂ 40 ಕಿಮೀ ವೇಗದಲ್ಲಿರುತ್ತದೆ. ಅದೇ ಕಾರು 70ರಲ್ಲಿ ಬಂದಿದ್ದರೆ? ಸುಮಾರು 58ರಲ್ಲಿ ಗುದ್ದುತ್ತಿತ್ತು.

ಇಲ್ಲಿ ಸ್ವಲ್ಪ ನಿಲ್ಲೋಣ. ಇವತ್ತಿನ ಮಾತಿನ ತಿರುಳು ಇಲ್ಲೇ ಇರುವುದು.

ಯಾಕೆ ಹೀಗೆ? ಮೊದಲನೆಯದಾಗಿ, ವೇಗ ಹೆಚ್ಚಿದ್ದವನು ಆ ಒಂದು ಸೆಕೆಂಡಿನಲ್ಲೇ ಮೂರು ಮೀಟರ್ ಜಾಸ್ತಿ ಕಳೆದುಕೊಂಡ. ಎರಡನೆಯದು ಇನ್ನೂ ಮುಖ್ಯ. ಬ್ರೇಕ್ ಒತ್ತಿದಾಗ ವೇಗ ಮೀಟರ್ ಲೆಕ್ಕದಲ್ಲಿ ಸಮವಾಗಿ ಇಳಿಯುವುದಿಲ್ಲ. ಮೊದಲ ಕೆಲವು ಮೀಟರ್ ಗಾಡಿ ಇನ್ನೂ ಜೋರಾಗಿ ಓಡುತ್ತಿರುತ್ತದೆ, ಹೀಗಾಗಿ ಆ ದೂರ ಬೇಗ ಮುಗಿದುಹೋಗುತ್ತದೆ. ಬ್ರೇಕಿಗೆ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ. 60ರಿಂದ ನಿಲ್ಲಲು ಬೇಕಾದ ದೂರದಲ್ಲಿ ಅರ್ಧ ಮುಗಿದಾಗಲೂ ವೇಗ ಇನ್ನೂ 42 ಇರುತ್ತದೆ. ಬಹುಪಾಲು ವೇಗ ಇಳಿಯುವುದು ಕೊನೆಯ ಕೆಲವು ಮೀಟರ್‌ಗಳಲ್ಲಿ. ಆ ಕೊನೆಯ ಮೀಟರ್‌ಗಳೇ ಈ ಮಗುವಿನ ಮುಂದೆ ಇರಲಿಲ್ಲ.

ನಾವು ವೇಗವನ್ನು ಸ್ಪೀಡೋಮೀಟರ್ ಮುಳ್ಳಿನ ಲೆಕ್ಕದಲ್ಲಿ ಯೋಚಿಸುತ್ತೇವೆ. ಮುಳ್ಳು ಸ್ವಲ್ಪ ಸರಿದರೆ ಅಪಾಯವೂ ಸ್ವಲ್ಪ ಸರಿಯಿತು ಅಂದುಕೊಳ್ಳುತ್ತೇವೆ. ಆದರೆ ಓಡುವ ಗಾಡಿಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. 50ರಿಂದ 60ಕ್ಕೆ ಏರಿದರೆ ವೇಗ ಹೆಚ್ಚಿದ್ದು ಶೇ 20, ಶಕ್ತಿ ಹೆಚ್ಚಿದ್ದು ಶೇ 44. ಆ ಶಕ್ತಿಯನ್ನೆಲ್ಲ ಎಲ್ಲಾದರೂ ಇಳಿಸಲೇಬೇಕು. ಬ್ರೇಕಿನ ಬಿಸಿಯಲ್ಲಿ ಇಳಿಸಬಹುದು, ಇಲ್ಲವೇ ಲೋಹ ಮತ್ತು ಮೂಳೆಯಲ್ಲಿ.

ಇದನ್ನು ಎತ್ತರದಿಂದ ಬೀಳುವುದಕ್ಕೆ ಹೋಲಿಸಿ ನೋಡಬಹುದು. 50 ಕಿಮೀ ವೇಗದಲ್ಲಿ ಗೋಡೆಗೆ ಗುದ್ದುವುದೂ ಸುಮಾರು 10 ಮೀಟರ್ ಮೇಲಿನಿಂದ ಬೀಳುವುದೂ ಒಂದೇ. 60 ಅಂದರೆ 14 ಮೀಟರ್. 100 ಅಂದರೆ 39 ಮೀಟರ್. ಹತ್ತು ಮಹಡಿ ದಾಟಿತು. ಅಷ್ಟೆತ್ತರದ ಬಾಲ್ಕನಿಯಲ್ಲಿ ಕಂಬಿ ಇಲ್ಲದಿದ್ದರೆ ನಾವು ಅಂಚಿಗೂ ಹೋಗುವುದಿಲ್ಲ. ಗಾಡಿಯಲ್ಲಿ ಮಾತ್ರ ಆ ಎತ್ತರ ಕಾಣುವುದಿಲ್ಲ. ಸೀಟು ಮೆತ್ತಗಿದೆ, ಎ.ಸಿ. ಇದೆ, ಹಾಡು ಬರುತ್ತಿದೆ.

ಗುದ್ದಿದಾಗ ದೇಹದೊಳಗೆ ಏನಾಗುತ್ತದೆ ಅನ್ನುವುದನ್ನೂ ಹೇಳಬೇಕು. ಮುಖ ತಿರುಗಿಸಬೇಡಿ, ಬೇಗ ಮುಗಿಸುತ್ತೇನೆ. ಗಾಡಿ ಗೋಡೆಗೆ ಗುದ್ದಿ ನಿಲ್ಲುತ್ತದೆ. ಒಳಗಿರುವ ನೀವು ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತಿರುತ್ತೀರಿ, ಬೆಲ್ಟ್ ಹಿಡಿದು ನಿಲ್ಲಿಸುತ್ತದೆ. ಆದರೆ ನಿಮ್ಮ ದೇಹ ನಿಂತ ಮೇಲೂ ಅದರೊಳಗಿನ ಅಂಗಗಳು ಮುಂದಕ್ಕೆ ಹೋಗುತ್ತಿರುತ್ತವೆ. ಮಿದುಳು ಬುರುಡೆಯ ಒಳಗೋಡೆಗೆ ಬಡಿಯುತ್ತದೆ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಒಂದು ಕಡೆ ಬೆನ್ನಿಗೆ ಅಂಟಿಕೊಂಡಿದೆ, ಇನ್ನೊಂದು ಕಡೆ ಸಡಿಲವಾಗಿದೆ. ಜೋರಾಗಿ ಜಗ್ಗಿದರೆ ಆ ಎರಡರ ನಡುವಿನ ಜಾಗದಲ್ಲಿ ಹರಿಯುತ್ತದೆ. ಮೈಮೇಲೆ ಒಂದು ಗೀರೂ ಇಲ್ಲದೆ ಜನ ಸಾಯುವುದು ಹೀಗೆ. ಬೆಲ್ಟ್, ಏರ್‌ಬ್ಯಾಗ್, ನುಜ್ಜಾಗುವಂತೆ ಮಾಡಿದ ಬಾನೆಟ್, ಇವೆಲ್ಲ ಮಾಡುವುದು ಒಂದೇ ಕೆಲಸ. ನೀವು ನಿಲ್ಲುವುದನ್ನು ಒಂದಿಷ್ಟು ನಿಧಾನ ಮಾಡುತ್ತವೆ. ಅವುಗಳಿಗೂ ಒಂದು ಮಿತಿ ಇದೆ. ಯುರೋಪಿನ ಯೂರೋ ಎನ್‌ಕ್ಯಾಪ್ ಸಂಸ್ಥೆ ಸುರಕ್ಷತೆ ಪರೀಕ್ಷಿಸಿ ಕಾರುಗಳಿಗೆ ನಕ್ಷತ್ರ ಕೊಡುತ್ತದಲ್ಲ, ಅದರ ಮುಂಭಾಗದ ಡಿಕ್ಕಿ ಪರೀಕ್ಷೆ ಬಹಳ ವರ್ಷ ನಡೆದದ್ದು 64 ಕಿಮೀ ವೇಗದಲ್ಲಿ. 100ರಲ್ಲಿ ಶಕ್ತಿ ಅದರ ಎರಡೂವರೆ ಪಟ್ಟಿಗೆ ಹತ್ತಿರ. ಐದು ನಕ್ಷತ್ರದ ಕಾರು ಅಂತ 120ರಲ್ಲಿ ಧೈರ್ಯವಾಗಿ ಹೋಗುವವರು ಈ ಲೆಕ್ಕ ನೋಡಿರುವುದಿಲ್ಲ.

ಇದು ಒಳಗಿರುವವರ ಕಥೆ. ಹೊರಗಿರುವವರಿಗೆ ಬೆಲ್ಟೂ ಇಲ್ಲ, ಬಾನೆಟ್ಟೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ, ಕಾರಿನ ಮುಂಭಾಗ ಗುದ್ದಿದಾಗ ನಡೆದು ಹೋಗುತ್ತಿರುವವರು ಸಾಯುವ ಸಂಭವ 50ಕ್ಕಿಂತ 65 ಕಿಮೀ ವೇಗದಲ್ಲಿ ನಾಲ್ಕೂವರೆ ಪಟ್ಟು ಹೆಚ್ಚು. ಮುಳ್ಳು ಸರಿದದ್ದು ಹದಿನೈದು, ಅಷ್ಟೇ.

ಇನ್ನೊಂದು ವಿಷಯ ಇದೆ. ನನಗೆ ಎಲ್ಲಕ್ಕಿಂತ ಅನ್ಯಾಯ ಅನ್ನಿಸುವುದು ಇದೇ. ಜಾಸ್ತಿ ವೇಗದಲ್ಲಿ ಹೋಗುವವರು ತಮ್ಮ ಲೆಕ್ಕವನ್ನಷ್ಟೇ ಕೆಡಿಸಿಕೊಳ್ಳುವುದಿಲ್ಲ, ಬೇರೆಯವರ ಲೆಕ್ಕವನ್ನೂ ಕೆಡಿಸುತ್ತಾರೆ. ರಸ್ತೆ ದಾಟುವಾಗ ನಾವೆಲ್ಲ ಏನು ಮಾಡುತ್ತೇವೆ? ಅತ್ತ ನೋಡುತ್ತೇವೆ, ಇತ್ತ ನೋಡುತ್ತೇವೆ. "ಗಾಡಿ ಇನ್ನೂ ದೂರ ಇದೆ" ಅಂತ ಕಾಲಿಡುತ್ತೇವೆ. ನಾವು ನೋಡುವುದು ದೂರವನ್ನು, ವೇಗವನ್ನಲ್ಲ. ನೇರವಾಗಿ ನಮ್ಮ ಕಡೆಗೇ ಬರುವ ಗಾಡಿಯ ವೇಗ ಅಳೆಯುವುದು ಕಣ್ಣಿಗೆ ಬಹಳ ಕಷ್ಟ. ಅದು ಅಡ್ಡ ಚಲಿಸುವುದಿಲ್ಲ, ಸುಮ್ನೆ ಸ್ವಲ್ಪ ಸ್ವಲ್ಪ ದೊಡ್ಡದಾಗುತ್ತಾ ಬರುತ್ತದೆ, ಕೊನೆಯಲ್ಲಿ ಒಮ್ಮೆಲೇ ಎದುರು ನಿಂತಿರುತ್ತದೆ. ಮಕ್ಕಳಿಗೆ ಇದು ಇನ್ನೂ ಕಷ್ಟ, ವಯಸ್ಸಾದವರಿಗೂ ಅಷ್ಟೇ. ರಸ್ತೆಯ ಎಲ್ಲ ಗಾಡಿಗಳೂ 50ರಲ್ಲಿ ಬರುತ್ತವೆ ಅಂತ ಇಷ್ಟು ವರ್ಷದಲ್ಲಿ ಕಲಿತ ಅಜ್ಜಿಯ ಅಂದಾಜು 70ರಲ್ಲಿ ಬರುವವನ ಮುಂದೆ ತಪ್ಪಾಗುತ್ತದೆ. ಆಮೇಲೆ ನಾವು ಏನನ್ನುತ್ತೇವೆ? "ನೋಡದೆ ಅಡ್ಡ ಬಂದರು" ಅನ್ನುತ್ತೇವೆ. ಅವರು ನೋಡಿದ್ದರು. ಅಡ್ಡರಸ್ತೆಯಿಂದ ಮುಖ್ಯರಸ್ತೆಗೆ ತಿರುಗುವ ಬೈಕ್ ಸವಾರರ ಕಥೆಯೂ ಇದೇ.

ರಾತ್ರಿಯ ಮಾತು ಬೇರೆಯೇ. ಡಿಮ್ ಲೈಟಿನಲ್ಲಿ ನಿಮಗೆ ಚೆನ್ನಾಗಿ ಕಾಣುವುದು ಹೆಚ್ಚೆಂದರೆ ಐವತ್ತು, ಅರವತ್ತು ಮೀಟರ್. ಕಪ್ಪು ಬಟ್ಟೆ ಹಾಕಿದವರು ಅದಕ್ಕಿಂತ ಹತ್ತಿರ ಬರುವ ತನಕ ಕಾಣುವುದಿಲ್ಲ. 80ರಲ್ಲಿ ಹೋಗುತ್ತಿದ್ದು, ಒಂದೂವರೆ ಸೆಕೆಂಡ್ ತಡವಾಗಿ ಬ್ರೇಕ್ ಒತ್ತಿದರೆ ನಿಲ್ಲಲು ಸುಮಾರು 69 ಮೀಟರ್ ಬೇಕು. ಅಂದರೆ ಕಂಡ ಮೇಲೆ ನಿಲ್ಲಲು ಸಾಧ್ಯವೇ ಇಲ್ಲ. ಮುಂದೆ ಏನೂ ಇಲ್ಲ ಅನ್ನುವ ನಂಬಿಕೆಯ ಮೇಲೆ ಗಾಡಿ ಓಡುತ್ತಿದೆ. ಇದರ ಮೇಲೆ ಮಳೆಯೂ ಸೇರಿದರೆ ಲೆಕ್ಕವೇ ಬೇಡ. ನೀರು ನಿಂತ ಕಡೆ ವೇಗವಾಗಿ ಹೋದರೆ ಟೈರು ರಸ್ತೆಯನ್ನು ಬಿಟ್ಟು ನೀರಿನ ಮೇಲೆ ತೇಲುತ್ತದೆ, ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ.

ಸರಿ, ಇಷ್ಟೆಲ್ಲ ಅಪಾಯಕ್ಕೆ ಸಿಗುವ ಲಾಭ ಏನು? ಸಮಯ, ಅಲ್ವಾ? ಹತ್ತು ಕಿಲೋಮೀಟರ್ ದಾರಿ ಇಟ್ಟುಕೊಳ್ಳಿ. 50ರಲ್ಲಿ ಎಲ್ಲೂ ನಿಲ್ಲದೆ ಹೋದರೆ 12 ನಿಮಿಷ, 60ರಲ್ಲಿ 10 ನಿಮಿಷ. ಎರಡು ನಿಮಿಷ ಉಳಿಯಿತು, ಅದೂ ಸಿಗ್ನಲ್ ಇಲ್ಲದಿದ್ದರೆ. ಊರೊಳಗೆ ಆ ಎರಡು ನಿಮಿಷವನ್ನು ಮುಂದಿನ ಸಿಗ್ನಲ್ ನುಂಗಿಬಿಡುತ್ತದೆ. ನಿಮ್ಮನ್ನು ಹಾರ್ನ್ ಹೊಡೆದು ದಾಟಿ ಹೋದವನು ಅಲ್ಲಿ ನಿಮ್ಮ ಪಕ್ಕದಲ್ಲೇ ನಿಂತಿರುತ್ತಾನೆ. ಕಣ್ಣು ಸೇರಿಸುವುದಿಲ್ಲ ಅಷ್ಟೇ. ಹೆದ್ದಾರಿಯಲ್ಲಿ 100ರಿಂದ 110ಕ್ಕೆ ಏರಿಸಿದರೆ ಪ್ರತಿ ಹತ್ತು ಕಿಲೋಮೀಟರಿಗೆ ಉಳಿಯುವುದು 33 ಸೆಕೆಂಡ್. ಅದೇ 20ರಿಂದ 30ಕ್ಕೆ ಏರಿದರೆ ಅಷ್ಟೇ ದೂರದಲ್ಲಿ ಹತ್ತು ನಿಮಿಷ ಉಳಿಯುತ್ತದೆ. ವೇಗ ಏರಿದಂತೆ ಅಪಾಯ ಜಾಸ್ತಿ ಆಗುತ್ತದೆ, ಉಳಿಯುವ ಸಮಯ ಕಡಿಮೆ ಆಗುತ್ತದೆ. ನಮ್ಮ ಮನಸ್ಸು ಇದನ್ನು ಉಲ್ಟಾ ಲೆಕ್ಕ ಹಾಕುತ್ತದೆ, 110ರಲ್ಲಿ ಹೋದರೆ ಬೇಕಾದಷ್ಟು ಸಮಯ ಉಳಿಯಿತು ಅನ್ನಿಸುತ್ತದೆ.

ಮನಸ್ಸಿನ ಇನ್ನೊಂದು ಮೋಸ ಎಲ್ಲರಿಗೂ ಗೊತ್ತಿರುವುದೇ. ಹೆದ್ದಾರಿಯಲ್ಲಿ ಒಂದು ಗಂಟೆ 100ರಲ್ಲಿ ಓಡಿಸಿ ಊರೊಳಗೆ ಬನ್ನಿ. 60ಕ್ಕೆ ಇಳಿಸಿದರೆ ಗಾಡಿ ತೆವಳುತ್ತಿದೆ ಅನ್ನಿಸುತ್ತದೆ. ಆಗ ಅಂದಾಜನ್ನು ನಂಬಬಾರದು, ಮೀಟರ್ ನೋಡಬೇಕು.

ವೇಗದ ಜಗಳ ಹೊಸದೇನಲ್ಲ. 1896ರ ಜನವರಿಯಲ್ಲಿ ಇಂಗ್ಲೆಂಡಿನ ಕೆಂಟ್‌ನಲ್ಲಿ ವಾಲ್ಟರ್ ಅರ್ನಾಲ್ಡ್ ಎಂಬಾತನಿಗೆ ಅತಿವೇಗಕ್ಕೆ ದಂಡ ಬಿತ್ತು. ಗಂಟೆಗೆ 2 ಮೈಲಿ ಮಿತಿ ಇದ್ದ ಕಡೆ 8 ಮೈಲಿ ವೇಗದಲ್ಲಿ ಹೋಗಿದ್ದ. ಪೊಲೀಸ್ ಸೈಕಲ್ ತುಳಿದುಕೊಂಡು ಹೋಗಿ ಹಿಡಿದ. ನಗು ಬರುತ್ತದೆ ನಿಜ. ಆದರೆ ಅದೇ ವರ್ಷದ ಆಗಸ್ಟ್‌ನಲ್ಲಿ ಲಂಡನ್‌ನ ಕ್ರಿಸ್ಟಲ್ ಪ್ಯಾಲೆಸ್ ಆವರಣದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಹೆಂಗಸು ಕಾರು ಗುದ್ದಿ ಸತ್ತಳು. ಬ್ರಿಟನ್ನಿನಲ್ಲಿ ಪೆಟ್ರೋಲ್ ಕಾರಿಗೆ ಸಿಕ್ಕಿ ಸತ್ತ ಮೊದಲ ಪಾದಚಾರಿ ಆಕೆ. ಈಗ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆಯಲ್ಲಿ ಸಾಯುತ್ತಾರೆ. 5ರಿಂದ 29 ವರ್ಷದವರ ಸಾವಿಗೆ ರಸ್ತೆ ಅಪಘಾತವೇ ಮೊದಲ ಕಾರಣ.

ವೇಗ ಇಳಿಸಿದರೆ ಸಾವು ಇಳಿಯುತ್ತದೆಯೇ? ಅಮೆರಿಕದಲ್ಲಿ ಇದು ಬೇರೆ ಕಾರಣಕ್ಕೆ ಪರೀಕ್ಷೆ ಆಯಿತು. 1973ರಲ್ಲಿ ತೈಲದ ಬಿಕ್ಕಟ್ಟು ಬಂತು. ಪೆಟ್ರೋಲ್ ಉಳಿಸಲೆಂದು 1974ರಲ್ಲಿ ದೇಶಕ್ಕೆಲ್ಲ ಗಂಟೆಗೆ 55 ಮೈಲಿಯ ಮಿತಿ ತಂದರು. ಜೀವ ಉಳಿಸುವುದು ಅದರ ಉದ್ದೇಶವೇ ಆಗಿರಲಿಲ್ಲ. ಒಂದೇ ವರ್ಷದಲ್ಲಿ ರಸ್ತೆ ಸಾವು ಸುಮಾರು 54,000ದಿಂದ 45,000ಕ್ಕೆ ಬಂತು. ಪೆಟ್ರೋಲ್ ಸಿಗದೆ ಜನ ಓಡಾಡಿದ್ದೂ ಕಡಿಮೆಯೇ, ಪೂರ್ತಿ ಶ್ರೇಯ ಮಿತಿಗೇ ಕೊಡುವಂತಿಲ್ಲ. ಆದರೂ ಅದರ ಪಾಲು ಸಣ್ಣದಲ್ಲ. ಹಲವು ದೇಶಗಳ ಅನುಭವ ಒಟ್ಟು ಮಾಡಿ ಹೇಳುವ ಲೆಕ್ಕವೂ ಒಂದಿದೆ. ರಸ್ತೆಯ ಸರಾಸರಿ ವೇಗ ಶೇ 1 ಏರಿದರೆ ಸಾವು ತರುವ ಅಪಘಾತಗಳು ಸುಮಾರು ಶೇ 4 ಏರುತ್ತವೆ. ಒಬ್ಬಿಬ್ಬರು ಹುಚ್ಚರ ವೇಗ ಅಲ್ಲ, ಎಲ್ಲರ ಸರಾಸರಿ. ನಮ್ಮ ಆ ಹತ್ತು ಕಿಲೋಮೀಟರ್ ಸೇರಿಕೊಳ್ಳುವುದು ಇಲ್ಲಿಗೇ.

ಸ್ವೀಡನ್ ದೇಶದ ಸಂಸತ್ತು 1997ರಲ್ಲಿ ಬೇರೆ ಥರ ಯೋಚಿಸಿತು. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಸಾವು ಶಿಕ್ಷೆ ಆಗಬಾರದು, ರಸ್ತೆಯನ್ನೇ ಹಾಗೆ ಕಟ್ಟಬೇಕು ಅಂತ. ಮೊದಲು ದೇಹ ಎಷ್ಟು ತಡೆದುಕೊಳ್ಳುತ್ತದೆ ಅಂತ ನೋಡುವುದು, ಆಮೇಲೆ ಅದಕ್ಕೆ ತಕ್ಕ ವೇಗ. ಜನ ನಡೆದಾಡುವ ಕಡೆ 30. ಗಾಡಿಗೆ ಗಾಡಿ ಪಕ್ಕದಿಂದ ಗುದ್ದಬಹುದಾದ ಕೂಡುರಸ್ತೆಯಲ್ಲಿ 50. ಎದುರಾಬದುರು ಗುದ್ದಬಹುದಾದ ಕಡೆ 70. ಇನ್ನೂ ವೇಗ ಬೇಕೆ, ನಡುವೆ ತಡೆ ಕಟ್ಟಿ. ಬರೀ ಬೋರ್ಡ್ ನೆಟ್ಟರೆ ಯಾರೂ ಕೇಳುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಅಗಲವಾದ, ನೇರವಾದ, ಖಾಲಿ ರಸ್ತೆ ಮಾಡಿ 40 ಅಂತ ಬರೆದರೆ ರಸ್ತೆ 80 ಅನ್ನುತ್ತದೆ. ಚಾಲಕ ರಸ್ತೆಯ ಮಾತನ್ನೇ ಕೇಳುತ್ತಾನೆ. ಅದಕ್ಕೇ ರಸ್ತೆ ಕಿರಿದು ಮಾಡುವುದು, ದಾಟುವ ಜಾಗ ಎತ್ತರಿಸುವುದು, ಸಿಗ್ನಲ್ ಬದಲು ವೃತ್ತ ಮಾಡುವುದು. ಆಸ್ಟ್ರಿಯಾದ ಗ್ರಾಜ್ ನಗರ 1992ರಲ್ಲೇ ಮುಖ್ಯರಸ್ತೆಗಳನ್ನು ಬಿಟ್ಟು ಊರಿಗೆಲ್ಲ 30ರ ಮಿತಿ ತಂದಿತ್ತು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 2019ರಲ್ಲಿ ನಡೆದು ಹೋಗುವವರು ಒಬ್ಬರೂ ರಸ್ತೆ ಅಪಘಾತದಲ್ಲಿ ಸಾಯಲಿಲ್ಲ. ಒಂದು ರಾಜಧಾನಿಯಲ್ಲಿ, ಇಡೀ ವರ್ಷ.

ಇನ್ನು ಪ್ರಶ್ನೆಗಳು.

ಒಬ್ಬ ಹುಡುಗ ಕೇಳಿದ: "ಸರ್, ಈಗಿನ ಗಾಡಿಗಳಲ್ಲಿ ಎಬಿಎಸ್ ಇದೆಯಲ್ಲ, ಹಳೇ ಲೆಕ್ಕ ಈಗಲೂ ನಡೆಯುತ್ತದಾ?"

ಎಬಿಎಸ್ ಒಳ್ಳೆಯದು. ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುತ್ತದೆ, ಜೋರಾಗಿ ಬ್ರೇಕ್ ಒತ್ತಿದಾಗಲೂ ಸ್ಟೇರಿಂಗ್ ತಿರುಗಿಸಬಹುದು. ಆದರೆ ಒಣ ರಸ್ತೆಯಲ್ಲಿ ನಿಲ್ಲುವ ದೂರವನ್ನು ಅದು ಹೇಳಿಕೊಳ್ಳುವಷ್ಟು ಕಡಿಮೆ ಮಾಡುವುದಿಲ್ಲ. ಟೈರು ಹಿಡಿಯುವಷ್ಟೇ ಹಿಡಿಯುವುದು. ಜರ್ಮನಿಯ ಮ್ಯೂನಿಕ್‌ನಲ್ಲಿ 1980ರ ದಶಕದಲ್ಲಿ ಒಂದೇ ಸಂಸ್ಥೆಯ ಟ್ಯಾಕ್ಸಿಗಳಲ್ಲಿ ಕೆಲವಕ್ಕೆ ಎಬಿಎಸ್ ಇತ್ತು, ಕೆಲವಕ್ಕೆ ಇರಲಿಲ್ಲ. ಹೋಲಿಸಿ ನೋಡಿದರೆ ಅಪಘಾತ ಕಡಿಮೆ ಆಗಿರಲಿಲ್ಲ. ಎಬಿಎಸ್ ಇದೆ ಅಂತ ಚಾಲಕರು ಅದಕ್ಕೆ ತಕ್ಕ ಹಾಗೆ ಒರಟಾಗಿ ಓಡಿಸುತ್ತಿದ್ದರು.

ಹಿರಿಯರೊಬ್ಬರು ಕೇಳಿದರು: "ತೀರಾ ನಿಧಾನ ಹೋಗುವವರಿಂದಲೂ ಅಪಘಾತ ಆಗುವುದಿಲ್ಲವೇ?"

ಆಗುತ್ತದೆ ಸರ್. ಎಲ್ಲರೂ 90ರಲ್ಲಿ ಹೋಗುವ ಹೆದ್ದಾರಿಯ ನಡುವೆ ಒಬ್ಬರು 40ರಲ್ಲಿ ಹೋದರೆ ಹಿಂದಿನವರಿಗೆ ಅಪಾಯವೇ. ವೇಗದ ಅಂತರವೂ ಕೊಲ್ಲುತ್ತದೆ. ಆದರೆ ಈ ಮಾತನ್ನು ಜಾಸ್ತಿ ಹೇಳುವವರು 110ರಲ್ಲಿ ಹೋಗುವವರೇ ಅನ್ನುವುದನ್ನೂ ಗಮನಿಸಿ. ಅಲ್ಲಿ ಅಂತರ ಮಾಡುತ್ತಿರುವವರು ಅವರೇ.

ಕೊನೆಯದಾಗಿ ಒಬ್ಬ ಹೆಣ್ಣುಮಗಳು ಕೇಳಿದರು: "ನಾನು ಮಿತಿಯಲ್ಲೇ ಹೋಗುತ್ತೇನೆ. ಹಿಂದಿನವರು ಅಂಟಿಕೊಂಡು ಬಂದು ಹಾರ್ನ್ ಹೊಡೆಯುತ್ತಾರೆ, ಲೈಟ್ ಹಾಕುತ್ತಾರೆ. ಏನು ಮಾಡಲಿ?"

ವೇಗ ಏರಿಸಬೇಡಿ. ಬುದ್ಧಿ ಕಲಿಸಲು ದಿಢೀರ್ ಬ್ರೇಕ್ ಹಾಕಲೂ ಹೋಗಬೇಡಿ, ಹಿಂದಿನವರಿಗೆ ನಿಲ್ಲಲು ಜಾಗ ಇಲ್ಲ, ಅವರು ನಿಮ್ಮ ಮೇಲೇ ಬರುತ್ತಾರೆ. ನಿಮ್ಮ ಮುಂದಿನ ಗಾಡಿಯಿಂದ ಅಂತರ ಸ್ವಲ್ಪ ಜಾಸ್ತಿ ಮಾಡಿಕೊಳ್ಳಿ. ಆಗ ಏನಾದರೂ ಅಡ್ಡ ಬಂದರೆ ನೀವು ಮೆಲ್ಲಗೆ ಬ್ರೇಕ್ ಹಾಕಬಹುದು, ಹಿಂದಿನವರಿಗೂ ಸಮಯ ಸಿಗುತ್ತದೆ. ಜಾಗ ಸಿಕ್ಕ ಕೂಡಲೇ ಇಂಡಿಕೇಟರ್ ಹಾಕಿ ಪಕ್ಕಕ್ಕೆ ಸರಿದು ದಾರಿ ಬಿಡಿ. ಮುಂದಿನ ಸಿಗ್ನಲ್‌ನಲ್ಲಿ ಸಿಗುತ್ತಾರೆ ಬಿಡಿ.